ಕೂಸಿಗೆ ತೋರಿಸುವುದಾದರೆ ಮುಗಿಯುವಂಥದ್ದನ್ನು ತೋರಿಸಿ

ಮಾನ್ಯ ಸಂಪಾದಕರೇ,

ಚಿಕ್ಕ ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ ಎಂಬ ಬುದ್ಧಿಮಾತು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಲೇ ಇರುತ್ತದೆ. ಮಾತು ಸರಿಯೇ. ಆದರೆ ಬೆಳಗ್ಗೆ ಏಳೂವರೆಗೆ ಒಂದು ಒಲೆಯ ಮೇಲೆ ಕುಕ್ಕರ್, ಇನ್ನೊಂದರ ಮೇಲೆ ಒಗ್ಗರಣೆ ಎಣ್ಣೆ, ಕಾಲಿಗೆ ಜೋತುಬಿದ್ದು ರಚ್ಚೆ ಹಿಡಿದ ಕೂಸು, ಎತ್ತಿಕೊಳ್ಳಲು ಮನೆಯಲ್ಲಿ ಇನ್ನೊಂದು ಜೀವವಿಲ್ಲ. ಆಗ ಏನು ಮಾಡಬೇಕೆಂದು ಆ ಬುದ್ಧಿಮಾತು ಹೇಳುವುದಿಲ್ಲ. ಹೇಗೂ ಕೊಡುತ್ತಾರೆ. ಅಳುಕುತ್ತಾ, ಮೊದಲು ಕಂಡ ವಿಡಿಯೊ ಹಾಕಿ ಕೊಡುತ್ತಾರೆ. ಏನನ್ನು ಹಾಕಬೇಕು, ಹೇಗೆ ನಿಲ್ಲಿಸಬೇಕು ಎಂಬುದಕ್ಕಷ್ಟೇ ಈ ಪತ್ರ.

ಮಿತಿ ಮೊದಲು ತಿಳಿದಿರಲಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡು ವರ್ಷ ತುಂಬುವವರೆಗೆ ಪರದೆ ಬೇಡ. ಎರಡು ತುಂಬಿದ ಮೇಲೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ತಜ್ಞರ ಸಂಘವೂ ಇದನ್ನೇ ಹೇಳಿ, ಬಂಧುಗಳ ಜೊತೆಗಿನ ವಿಡಿಯೊ ಕಾಲ್‌ಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಕಾರಣ ಸರಳ. ಪರದೆಯ ಗೊಂಬೆ ‘ನಿನ್ನ ಮೂಗೆಲ್ಲಿ?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಮುಂದಕ್ಕೆ ಹೋಗುತ್ತದೆ. ವಿಡಿಯೊ ಕಾಲ್‌ನಲ್ಲಿ ತಾತ ಕಾಯುತ್ತಾರೆ, ಮೂಗು ತೋರಿಸಿದರೆ ನಗುತ್ತಾರೆ. ಒಂದೂವರೆ ವರ್ಷದ ಮಗು ಕಲಿಯುವುದು ಈ ಕೊಡುಕೊಳ್ಳುವಿಕೆಯಿಂದ. ಆ ಒಂದು ಗಂಟೆಯನ್ನೂ ಒಟ್ಟಿಗೆ ಸುರಿಯಬೇಡಿ. ಒಂದು ಸಲಕ್ಕೆ ಹತ್ತು ನಿಮಿಷ, ಬಹಳವಾದರೆ ಹದಿನೈದು.

ಈಗ ಆಯ್ಕೆ. ಯಾವ ಚಾನೆಲ್ ಒಳ್ಳೆಯದು ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಅದಕ್ಕಿಂತ ಮೊದಲು ನೋಡಬೇಕಾದದ್ದು, ಹಾಕಿದ್ದು ಮುಗಿಯುತ್ತದೆಯೇ ಎಂಬುದು. ಹಾಡು ಮುಗಿಯುತ್ತಿದ್ದಂತೆ ಪರದೆಯ ತುಂಬ ಚಿಕ್ಕ ಚಿಕ್ಕ ಚಿತ್ರಗಳು ಮೂಡುತ್ತವೆ. ಎಂಜಲು ಹತ್ತಿದ ಪುಟ್ಟ ಹೆಬ್ಬೆರಳು ಅವುಗಳಲ್ಲಿ ಅತಿ ಕೆಂಪಗಿರುವುದನ್ನು ಒತ್ತುತ್ತದೆ. ಒತ್ತದಿದ್ದರೂ ಆಟೊಪ್ಲೇ ತಾನೇ ಮುಂದಿನದನ್ನು ಹಾಕುತ್ತದೆ. ನಾಲ್ಕನೆಯ ವಿಡಿಯೊ ಹೊತ್ತಿಗೆ ಯಾರೋ ಆಟಿಕೆಯ ಡಬ್ಬ ಬಿಚ್ಚುತ್ತಿರುತ್ತಾರೆ. ಮಗು ಕೊನೆಯಲ್ಲಿ ಕಿರುಚಿ ನೆಲಕ್ಕೆ ಬೀಳುವುದನ್ನು ನಾವು ಹಟ ಎನ್ನುತ್ತೇವೆ. ಅದು ನೋಡುತ್ತಿದ್ದುದಕ್ಕೆ ಕೊನೆಯೇ ಇರಲಿಲ್ಲ. ನಡುವೆ ಕಿತ್ತುಕೊಂಡವರು ನಾವು. ‘ಒಂದು ಗಂಟೆಯ ಶಿಶುಗೀತೆಗಳು’ ಎಂಬ ಒಟ್ಟುಗೂಡಿಸಿದ ವಿಡಿಯೊಗಳನ್ನು ಇದೇ ಕಾರಣಕ್ಕೆ ಬಿಡಿ. ಮೂರು ನಿಮಿಷದ ಎರಡು ಹಾಡು ಆರಿಸಿ, ‘ಎರಡು ಹಾಡು, ಆಮೇಲೆ ಟಾಟಾ’ ಎಂದು ಮೊದಲೇ ಹೇಳಿ. ಐದು ನಿಮಿಷ ಎಂದರೆ ಎರಡು ವರ್ಷದ ಮಗುವಿಗೆ ಏನೂ ಅರ್ಥವಾಗದು, ಎರಡು ಹಾಡು ಅರ್ಥವಾಗುತ್ತದೆ. ಕೊನೆಗೆ ಆಫ್ ಮಾಡುವ ಬಟನ್ ಒತ್ತಲು ಮಗುವಿಗೇ ಬಿಡಿ. ಮುಂದಿನ ಕೆಲಸ, ಬಿಡಿಸಲು ಒಂದೆರಡು ಬೆಳ್ಳುಳ್ಳಿ ಗಡ್ಡೆಯಾದರೂ ಸರಿ, ಪಕ್ಕದಲ್ಲೇ ಸಿದ್ಧವಿರಲಿ.

ಮೊಬೈಲ್‌ಗಿಂತ ಟಿವಿ ವಾಸಿ ಎಂಬುದು ನಮ್ಮ ಅಭಿಪ್ರಾಯ. ಕಣ್ಣಿನಿಂದ ದೂರ ಇರುತ್ತದೆ, ಬೆರಳಿಗೆ ಸಿಗುವುದಿಲ್ಲ, ಅಡುಗೆಮನೆಯಿಂದಲೇ ಏನು ಓಡುತ್ತಿದೆ ಎಂದು ಕೇಳಿಸುತ್ತದೆ. ಎಲ್ಲಕ್ಕಿಂತ ಒಳ್ಳೆಯ ಉಪಾಯ ಪೆನ್ ಡ್ರೈವ್, ಅದರೊಳಗೆ ನೀವೇ ತೆಗೆದ ವಿಡಿಯೊ. ಅಜ್ಜಿ ಹಾಡುವ ಒಂದು ಹಾಡು, ಗೋಡೆಯ ಮೇಲಿನ ಕಾಗೆ, ಹಾಲು ಕರೆಯುವುದು, ಕಬ್ಬು ತುಂಬಿದ ಎತ್ತಿನಗಾಡಿ, ಕೊಕ್ಕರೆ ಬೆಳ್ಳೂರಿನ ಮರದ ಮೇಲಿನ ಹೆಜ್ಜಾರ್ಲೆ ಹಕ್ಕಿ. ಫೋನನ್ನು ಅಡ್ಡ ಹಿಡಿದು, ಒಂದೊಂದನ್ನೂ ಒಂದು ನಿಮಿಷ ಅಲುಗಾಡದೆ ತೆಗೆಯಿರಿ. ಜೂಮ್ ಬೇಡ, ಹಿನ್ನೆಲೆ ಸಂಗೀತ ಬೇಡ. ಅಜ್ಜಿಯ ಮುಖ, ತುಟಿ ದೊಡ್ಡದಾಗಿ ಕಾಣಲಿ. ತುಟಿ ನೋಡಿಯೂ ಮಗು ಮಾತು ಹಿಡಿಯುತ್ತದೆ.

ಇಲ್ಲಿ ಕೈಕೊಡುವುದು ಎರಡು ಕಡೆ. ಹೊಸ ಫೋನ್‌ಗಳು ಎಚ್‌ಇವಿಸಿ ಎಂಬ ವಿಧಾನದಲ್ಲಿ ವಿಡಿಯೊ ಉಳಿಸುತ್ತವೆ, ಹಳೆಯ ಟಿವಿಯಲ್ಲಿ ಹಾಕಿದರೆ ದನಿ ಬಂದು ಚಿತ್ರ ಬರುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಎಚ್.264 ಎಂಬ ಹಳೆಯ ವಿಧಾನ ಆರಿಸಿ, ಐಫೋನ್‌ನಲ್ಲಿ ಇದರ ಹೆಸರು ‘ಮೋಸ್ಟ್ ಕಂಪ್ಯಾಟಿಬಲ್’. ಚಿತ್ರದ ಸ್ಪಷ್ಟತೆ 1080ಪಿ ಸಾಕು, 4ಕೆ ಇಟ್ಟರೆ ಹಳೆಯ ಟಿವಿ ತಡವರಿಸುತ್ತದೆ. ಎರಡನೆಯದು, ಒಂದು ಫೋಲ್ಡರ್‌ನಲ್ಲಿರುವುದನ್ನೆಲ್ಲ ಹಲವು ಟಿವಿಗಳು ಒಂದರ ಹಿಂದೊಂದು ಓಡಿಸುತ್ತವೆ. ಹಾಗಾಗಿ ಫೋಲ್ಡರಿಗೆ ಎರಡೇ ವಿಡಿಯೊ ಇಡಿ. ಒಂದೇ ವಿಡಿಯೊವನ್ನು ಮಗು ನಲವತ್ತು ಸಲ ಕೇಳಿದರೆ ಗಾಬರಿ ಬೇಡ. ಬೇಸರವಾಗುವುದು ನಮಗೆ; ಮುಂದೇನು ಬರುತ್ತದೆಂದು ಗೊತ್ತಿರುವುದೇ ಅದಕ್ಕೆ ಸಂತೋಷ.

ಮೊಬೈಲೇ ಗತಿ ಎನ್ನುವಾಗ ಅದನ್ನು ಕಟ್ಟಿಹಾಕಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ, ತೆರೆದ ಆ್ಯಪ್‌ನಿಂದ ಹೊರಹೋಗದಂತೆ ತಡೆಯುವ ‘ಆ್ಯಪ್ ಪಿನ್ನಿಂಗ್’ ಇರುತ್ತದೆ. ಅದನ್ನು ಆನ್ ಮಾಡುವಾಗಲೇ ಬಿಡಿಸಲು ಪಿನ್ ಕೇಳುವಂತೆಯೂ ಇಡಿ, ಇಲ್ಲದಿದ್ದರೆ ಮಗು ತಿಂಗಳೊಳಗೆ ಬಿಡಿಸುವುದನ್ನು ಕಲಿಯುತ್ತದೆ. ಐಫೋನ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಒಳಗಿನ ‘ಗೈಡೆಡ್ ಆ್ಯಕ್ಸೆಸ್’ ಇನ್ನೂ ಒಳ್ಳೆಯದು: ಪಕ್ಕದ ಬಟನ್ ಮೂರು ಸಲ ಒತ್ತಿದರೆ ಪರದೆಯ ಸ್ಪರ್ಶವನ್ನೇ ಆಫ್ ಮಾಡಬಹುದು, ಸಮಯದ ಮಿತಿಯನ್ನೂ ಇಡಬಹುದು. ಯೂಟ್ಯೂಬ್ ಕಿಡ್ಸ್ ಬಳಸುವವರು ‘ಅಪ್ರೂವ್ಡ್ ಕಂಟೆಂಟ್ ಓನ್ಲಿ’ ಆರಿಸಿ, ಆಗ ನೀವು ಒಪ್ಪಿದ್ದಷ್ಟೇ ಕಾಣುತ್ತದೆ, ಹುಡುಕಾಟವೂ ಬಂದ್. ಸಾಮಾನ್ಯ ಯೂಟ್ಯೂಬ್‌ನಲ್ಲಿ ನಡುನಡುವೆ ಜಾಹೀರಾತು ನುಗ್ಗುವುದು ತಪ್ಪದು.

ಒಂದು ವಿಡಿಯೊ ಮಗುವಿಗೆ ಹೊಂದುತ್ತದೋ ಇಲ್ಲವೋ ತಿಳಿಯಲು ಎರಡು ಪರೀಕ್ಷೆ ಸಾಕು. ಒಂದು ನಿಮಿಷ ನೋಡುತ್ತಾ ದೃಶ್ಯ ಎಷ್ಟು ಸಲ ಬದಲಾಯಿತೆಂದು ಬೆರಳಲ್ಲಿ ಎಣಿಸಿ. ಒಂದು ಕೈ ಬೆರಳಲ್ಲಿ ಮುಗಿದರೆ ಚಿನ್ನ, ಎರಡು ಕೈಯೂ ಸಾಲದಾದರೆ ಬೇಡ. ಇದು ನಮ್ಮ ಅಂದಾಜಿನ ಲೆಕ್ಕ. ವೇಗ ಯಾಕೆ ಮುಖ್ಯವೆಂದರೆ, 2011ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಬರೀ ಒಂಬತ್ತು ನಿಮಿಷ ಅತಿವೇಗದ ಕಾರ್ಟೂನ್ ನೋಡಿದ ನಾಲ್ಕು ವರ್ಷದ ಮಕ್ಕಳು ಕಾಯುವ, ನಿಯಮ ನೆನಪಿಡುವ ಆಟಗಳಲ್ಲಿ ಆ ಕೂಡಲೇ ಹಿಂದೆ ಬಿದ್ದಿದ್ದರು. ಎರಡನೆಯ ಪರೀಕ್ಷೆಗೆ ಕಣ್ಣು ಮುಚ್ಚಿ ಕೇಳಿ. ಪದಗಳು ಬಿಡಿಬಿಡಿಯಾಗಿ ಕೇಳುತ್ತವೆಯೇ? ನಿಮ್ಮ ಮನೆಯಲ್ಲಿ ಆಡುವ ಕನ್ನಡಕ್ಕೆ ಹತ್ತಿರವೇ? ಕನ್ನಡ ರೈಮ್ಸ್ ಎಂದು ಬರುವ ಎಷ್ಟೋ ಹಾಡುಗಳು ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡ ಪದ ತುರುಕಿದಂಥವು. ಒತ್ತಕ್ಷರ ಉಸಿರುಕಟ್ಟಿ ಓಡುತ್ತವೆ.

ಊಟದ ಹೊತ್ತಿಗೆ ಮಾತ್ರ ಯಾವ ವಿಡಿಯೊವೂ ಬೇಡ. ಕಣ್ಣು ಪರದೆಯಲ್ಲಿದ್ದಾಗ ಮಗು ಬಾಯಿ ತೆರೆಯುತ್ತದೆ, ಅಗಿಯುವುದಿಲ್ಲ. ಅನ್ನ ಕೆನ್ನೆಯಲ್ಲಿ ಉಂಡೆಯಾಗಿ ಕೂರುತ್ತದೆ, ನಕ್ಕರೆ ಗಂಟಲಿಗೆ ಸಿಕ್ಕುತ್ತದೆ. ಹೊಟ್ಟೆ ತುಂಬಿದ್ದೂ ಅದಕ್ಕೆ ತಿಳಿಯುವುದಿಲ್ಲ. ಅರ್ಧ ಗಂಟೆಯಲ್ಲಿ ಉಂಡಷ್ಟು ಉಣ್ಣಲಿ, ತಟ್ಟೆ ಎತ್ತಿಡಿ. ಮಲಗುವ ಮುಂಚಿನ ಒಂದು ಗಂಟೆಯೂ ಬೇಡ.

ಯಾರೂ ಗಮನಿಸದ ಇನ್ನೊಂದು ವಿಷಯ ರಿಮೋಟ್. ತೆಳ್ಳನೆಯ ಕೆಲವು ರಿಮೋಟ್‌ಗಳಲ್ಲಿ ನಾಣ್ಯದಂಥ ಬ್ಯಾಟರಿ ಇರುತ್ತದೆ. ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡತೊಡಗುತ್ತದೆ. ಮುಚ್ಚಳಕ್ಕೆ ಟೇಪ್ ಸುತ್ತಿಡಿ; ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.

ಪರದೆಯಿಲ್ಲದ ದನಿಯನ್ನು ನಾವು ಮರೆತೇಬಿಟ್ಟಿದ್ದೇವೆ. ಅಜ್ಜಿಯ ಹಾಡನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಫೋನನ್ನು ಕಪಾಟಿನ ಮೇಲಿಟ್ಟು ಹಾಕಿದರೆ ಮಗುವಿನ ಕೈ ಸ್ಟೀಲ್ ಲೋಟ, ಸೌಟುಗಳ ಕಡೆ ತಾನೇ ಹೋಗುತ್ತದೆ. ರಾಗಿ, ಕಡಲೆ ಮಾತ್ರ ಆಟಕ್ಕೆ ಕೊಡಬೇಡಿ, ಮೂಗಿಗೆ ಸೇರುತ್ತದೆ.

ಕಡೆಯದಾಗಿ, ಹದಿನಾರು ತಿಂಗಳಾದರೂ ಒಂದು ಪದವಿಲ್ಲ, ಎರಡು ವರ್ಷವಾದರೂ ‘ಅಮ್ಮ ಬಾ’ ಎಂಬಂಥ ಎರಡು ಪದ ಕೂಡಿಸುವುದಿಲ್ಲ ಎಂದಾದರೆ ‘ಎಲ್ಲಾ ಮೊಬೈಲಿಂದ, ಬಿಡಿಸಿದರೆ ಸರಿಹೋಗುತ್ತದೆ’ ಎಂದು ಕಾಯಬೇಡಿ. ಮೊಬೈಲ್ ಬಿಡಿಸಿ, ಜೊತೆಗೇ ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಕೇಳಿಸದ ಮಗುವೂ ಪರದೆಯ ಮುಂದೆ ಸುಮ್ಮನೆ ಕೂರುತ್ತದೆ. 1965ರಿಂದ ಇದೇ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಮಂಡ್ಯದಿಂದ ರೈಲಿನಲ್ಲಿ ಬಂದರೂ ಒಂದು ಗಂಟೆಯ ಆಸುಪಾಸು.

ಇಂತಿ,
ಶಿಶುಪಾಲನಾ ಕೇಂದ್ರಗಳ ಕೆಲವು ಶಿಕ್ಷಕಿಯರು, ಮೈಸೂರು