ಬೋಧನಾ ಮಾಧ್ಯಮದ ಪ್ರಮಾಣಪತ್ರ ವಿಶ್ವವಿದ್ಯಾಲಯಗಳ ಹೊಣೆಯಾಗಲಿ

ಮಾನ್ಯ ಸಂಪಾದಕರೇ,

ಪದವಿ ಮುಗಿಸಿ ಹೊರದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಹಾಕುವ ನಮ್ಮ ರಾಜ್ಯದ ವಿದ್ಯಾರ್ಥಿಗಳು ಅನುಭವಿಸುತ್ತಿರುವ ಒಂದು ತೊಂದರೆಯನ್ನು ಉನ್ನತ ಶಿಕ್ಷಣ ಇಲಾಖೆಯ ಹಾಗೂ ವಿಶ್ವವಿದ್ಯಾಲಯಗಳ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿಯನ್ನು ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಪರೀಕ್ಷೆ ಬರೆದು, ಒಳ್ಳೆಯ ಅಂಕಗಳಿಂದ ತೇರ್ಗಡೆಯಾದವರೂ ತಾವು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಎಂದು ತೋರಿಸುವ ಒಂದು ಹಾಳೆಯ ಪತ್ರಕ್ಕಾಗಿ ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ವಾರಗಟ್ಟಲೆ ಅಲೆಯಬೇಕಾಗಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಹುಕಾಲ ರಸಾಯನಶಾಸ್ತ್ರ ಬೋಧಿಸಿ ನಿವೃತ್ತನಾದ ನನ್ನ ಬಳಿಗೆ ಹಳೆಯ ವಿದ್ಯಾರ್ಥಿಗಳು ಶಿಫಾರಸು ಪತ್ರ ಕೇಳಿಕೊಂಡು ಈಗಲೂ ಬರುತ್ತಾರೆ. ಶಿಫಾರಸು ಪತ್ರ ನಾನು ಕೊಡಬಲ್ಲೆ. ಮಾಧ್ಯಮದ ಪ್ರಮಾಣಪತ್ರವನ್ನು ಸಂಸ್ಥೆಯೇ ಕೊಡಬೇಕು.

ಇಂಗ್ಲಿಷ್ ಬಲ್ಲರು ಎಂಬುದಕ್ಕೆ ಆಧಾರ ಕೇಳುವುದು ಹೊರದೇಶದ ವಿಶ್ವವಿದ್ಯಾಲಯಗಳ ಹಕ್ಕು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಆ ಆಧಾರ ಯಾವ ರೂಪದಲ್ಲಿರಬೇಕು ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ನಿಯಮವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸು ಭಾರತದಲ್ಲಿ ಪದವಿ ಪಡೆದವರಿಂದ ಇಂಗ್ಲಿಷ್ ಭಾಷಾ ಪರೀಕ್ಷೆಯ ಅಂಕವನ್ನೇ ಕೇಳುತ್ತದೆ: ಟೋಫೆಲ್‌ನ ಹಳೆಯ 120ರ ಲೆಕ್ಕದಲ್ಲಿ ಕನಿಷ್ಠ 90, ಐಇಎಲ್‌ಟಿಎಸ್ ಆದರೆ 9ಕ್ಕೆ 7. ಅದೇ ದೇಶದ ಇನ್ನು ಕೆಲವು ವಿಶ್ವವಿದ್ಯಾಲಯಗಳು, ಪದವಿಯ ಬೋಧನೆ ಪೂರ್ತಿ ಇಂಗ್ಲಿಷಿನಲ್ಲಿ ನಡೆದಿದೆ ಎಂದು ಕುಲಸಚಿವರು ಬರೆದುಕೊಟ್ಟರೆ ಪರೀಕ್ಷೆಯಿಂದ ವಿನಾಯಿತಿ ನೀಡುತ್ತವೆ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು 12ನೇ ತರಗತಿಯ ಇಂಗ್ಲಿಷ್ ಅಂಕವನ್ನೂ ಒಪ್ಪುತ್ತವೆಯಾದರೂ ಯಾವ ಬೋರ್ಡಿನವರಿಗೆ ಎಷ್ಟು ಅಂಕವಿರಬೇಕು ಎಂಬುದನ್ನು ತಮ್ಮ ತಮ್ಮ ವಿವೇಚನೆಯಂತೆ ನಿಗದಿಮಾಡಿಕೊಂಡಿವೆ. ಜರ್ಮನಿಯ ಬಹುಪಾಲು ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದ್ದರಿಂದಲೇ ಸಾಧಾರಣ ಸ್ಥಿತಿವಂತರ ಮಕ್ಕಳು ಈಚೆಗೆ ಆ ದೇಶದತ್ತ ಹೆಚ್ಚು ನೋಡುತ್ತಿದ್ದಾರೆ. ಅಲ್ಲಿಯೂ ಮಾಧ್ಯಮದ ಪ್ರಮಾಣಪತ್ರವನ್ನು ಒಪ್ಪುವ ಕೋರ್ಸುಗಳಿವೆ, ಒಪ್ಪದ ಕೋರ್ಸುಗಳೂ ಇವೆ. ಒಪ್ಪುವ ಕಡೆಯಾದರೂ ನಮ್ಮ ಮಕ್ಕಳಿಗೆ ಆ ಅನುಕೂಲ ಸಿಗಬೇಕಲ್ಲವೇ? ಸಿಗದಿರುವುದಕ್ಕೆ ಕಾರಣ ಹೊರದೇಶದವರ ನಿಯಮವಲ್ಲ, ನಮ್ಮ ಕಚೇರಿಗಳ ವಿಳಂಬ.

ಪ್ರಮಾಣಪತ್ರ ಸಿಗದವರು ಪರೀಕ್ಷೆಗೇ ಹೋಗಬೇಕು. ಐಇಎಲ್‌ಟಿಎಸ್ ಪರೀಕ್ಷೆಯ ಶುಲ್ಕ ಈಗ 16 ಸಾವಿರ ರೂಪಾಯಿಯನ್ನು ಮೀರಿದೆ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸರ್ಕಾರಿ ಕಾಲೇಜಿಗೆ ಒಂದಿಡೀ ವರ್ಷಕ್ಕೆ ಕಟ್ಟುತ್ತಿದ್ದ ಶುಲ್ಕ ಇದಕ್ಕಿಂತ ಎಷ್ಟೋ ಕಡಿಮೆ. ಇದರ ಮೇಲೆ ಪರೀಕ್ಷೆ ನಡೆಯುವ ನಗರಕ್ಕೆ ಹೋಗಿ ಉಳಿದುಕೊಳ್ಳುವ ಖರ್ಚು, ತರಬೇತಿ ಕೇಂದ್ರಕ್ಕೆ ಸೇರಿದರೆ ಅದರ ಖರ್ಚು. ಪಡೆದ ಅಂಕಕ್ಕೆ ಎರಡು ವರ್ಷ ಮಾತ್ರ ಮಾನ್ಯತೆ. ಮನೆಯ ಪರಿಸ್ಥಿತಿಯಿಂದಾಗಿ ಮೊದಲು ಕೆಲಸಕ್ಕೆ ಸೇರಿ ಆಮೇಲೆ ಓದುವೆನೆಂದು ಮುಂದೂಡಿದವರು ಮತ್ತೆ ಹಣ ಕಟ್ಟಿ ಬರೆಯಬೇಕು. ಆಲಿಸುವ, ಓದುವ, ಬರೆಯುವ, ಮಾತಾಡುವ ನಾಲ್ಕು ವಿಭಾಗಗಳಲ್ಲಿ ಒಂದರಲ್ಲಿ ಅರ್ಧ ಬ್ಯಾಂಡು, ಅಂದರೆ 9ರ ಲೆಕ್ಕದಲ್ಲಿ ಅರ್ಧ ಅಂಕ, ಕಡಿಮೆಯಾದರೂ ಪ್ರವೇಶ ಕೈತಪ್ಪಬಹುದು. ಒಂದೇ ವಿಭಾಗವನ್ನು ಮರಳಿ ಬರೆಯುವ ಅವಕಾಶ ಈಗ ಬಂದಿದೆಯಾದರೂ ಅಂಥ ಅಂಕವನ್ನು ಮಾನ್ಯ ಮಾಡದ ವಿಶ್ವವಿದ್ಯಾಲಯಗಳೂ ಇವೆ.

ನಮ್ಮ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿಯ ಪ್ರಸಂಗವನ್ನು ಇಲ್ಲಿ ಹೇಳಬೇಕು. ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಿಂದ ಮುಂದೆ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿತು, ಬಿ.ಎಸ್ಸಿ.ಯಲ್ಲಿ ತರಗತಿಗೇ ಮೊದಲಿಗಳಾದ ಹುಡುಗಿ ಅವಳು. ಜರ್ಮನಿಯ ಒಂದು ಕೋರ್ಸಿಗೆ ಅರ್ಜಿ ಸಿದ್ಧಪಡಿಸಿಕೊಂಡು ಮಾಧ್ಯಮದ ಪ್ರಮಾಣಪತ್ರ ಬೇಕೆಂದು ಕಾಲೇಜಿನ ಕಚೇರಿಗೆ ಹೋದರೆ, ಅಲ್ಲಿ ಕೊಟ್ಟಿದ್ದು ಎಂದಿನ ವ್ಯಾಸಂಗ ಪ್ರಮಾಣಪತ್ರ. ಇಂಥವರ ಮಗಳಾದ ಇವರು ಈ ವರ್ಷದಿಂದ ಈ ವರ್ಷದವರೆಗೆ ನಮ್ಮ ಕಾಲೇಜಿನಲ್ಲಿ ವ್ಯಾಸಂಗ ಮಾಡಿರುತ್ತಾರೆ ಎಂದು ಅಚ್ಚ ಕನ್ನಡದಲ್ಲಿ, ದುಂಡು ಮೊಹರಿನೊಂದಿಗೆ ಇತ್ತು. ಬೋಧನೆ ಯಾವ ಭಾಷೆಯಲ್ಲಿ ನಡೆಯಿತು ಎಂಬ ಮಾತೇ ಅದರಲ್ಲಿರಲಿಲ್ಲ. ಇಂಗ್ಲಿಷಿನಲ್ಲಿ ಬೇಕು, ಮಾಧ್ಯಮ ನಮೂದಾಗಬೇಕು ಎಂದು ಕೇಳಿದ್ದಕ್ಕೆ, ಅಂಥ ನಮೂನೆ ನಮ್ಮಲ್ಲಿಲ್ಲ, ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ ಎಂದರು. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದವರು, ಅದನ್ನು ಪ್ರಾಂಶುಪಾಲರೇ ಕೊಡಬೇಕು ಎಂದು ತಿರುಗಿ ಕಳುಹಿಸಿದರು. "ಸರ್, ಯಾರು ಕೊಡಬೇಕು ಅಂತ ಅವರಿಗೇ ಗೊತ್ತಿಲ್ಲ, ನಾನು ಯಾರನ್ನ ಕೇಳಲಿ?" ಎಂದು ಅವಳು ಕೇಳಿದಾಗ ಉತ್ತರ ಕೊಡಲು ನನಗೂ ಆಗಲಿಲ್ಲ. ಕೊನೆಗೆ ಪ್ರಾಂಶುಪಾಲರು ಸೌಜನ್ಯದಿಂದ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ಅಷ್ಟರಲ್ಲಿ ಜುಲೈ 15 ದಾಟಿತ್ತು. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರಿಗೆ ಬಹಳಷ್ಟು ಕೋರ್ಸುಗಳ ಅರ್ಜಿಯ ಕೊನೆಯ ದಿನ ಅದೇ.

ಸಕಾಲದಲ್ಲಿ ಸಿಕ್ಕ ಪತ್ರವೂ ಕೆಲವೊಮ್ಮೆ ತಿರಸ್ಕೃತವಾಗುತ್ತದೆ. ನಮ್ಮ ಕಡೆಯ ಅಂಕಪಟ್ಟಿಗಳಲ್ಲಿ ಹೆಸರಿನ ಜೊತೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮಾತ್ರ ಇರುತ್ತವೆ. ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಪೂರ್ತಿ ಬರೆದಿರುತ್ತಾರೆ. ಪರೀಕ್ಷೆಗೂ ಅರ್ಜಿಗೂ ಪಾಸ್‌ಪೋರ್ಟಿನ ಹೆಸರೇ ಆಧಾರ. ಪ್ರಮಾಣಪತ್ರದಲ್ಲಿ ಎಚ್. ಎಸ್. ಎಂದಷ್ಟೇ ಇದ್ದರೆ ಇಬ್ಬರೂ ಒಬ್ಬರೇ ಎಂದು ದೂರದ ದೇಶದ ಗುಮಾಸ್ತರು ಹೇಗೆ ತಿಳಿಯಬೇಕು? ಪತ್ರ ನಿಜವೇ ಎಂದು ಅವರು ಇಮೇಲ್ ಮೂಲಕ ವಿಚಾರಿಸಿದಾಗ ಉತ್ತರಿಸುವವರು ಯಾರು ಎಂಬುದೂ ನಮ್ಮಲ್ಲಿ ನಿಶ್ಚಯವಾಗಿಲ್ಲ. ಕೆಲವು ಕಾಲೇಜುಗಳ ಲೆಟರ್‌ಹೆಡ್ಡಿನಲ್ಲಿ ಇರುವುದು ಯಾರೋ ಸಿಬ್ಬಂದಿ ಎಂದೋ ತೆರೆದ ಜಿಮೇಲ್ ವಿಳಾಸ. ಸಂಸ್ಥೆಯ ಅಧಿಕೃತ ವಿಳಾಸದಿಂದಲೇ ದೃಢೀಕರಣ ಬರಬೇಕೆನ್ನುವ ವಿಶ್ವವಿದ್ಯಾಲಯಗಳು ಇದನ್ನು ಪರಿಗಣಿಸುವುದಿಲ್ಲ. ಹಲವು ಜಿಲ್ಲೆಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಆದ ಮೇಲೆ ಹಳೆಯ ಬ್ಯಾಚಿನವರು ಯಾವ ಕುಲಸಚಿವರ ಬಳಿ ಹೋಗಬೇಕೆಂಬ ಗೊಂದಲವೂ ಇದಕ್ಕೆ ಸೇರಿಕೊಂಡಿದೆ.

ಇದಕ್ಕೆ ಪರಿಹಾರ ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ರಾಜ್ಯದ ಪದವಿ ಕಾಲೇಜುಗಳ ಪ್ರವೇಶ, ಪರೀಕ್ಷೆ, ಫಲಿತಾಂಶಗಳೆಲ್ಲ 2021-22ರ ಸಾಲಿನಿಂದೀಚೆಗೆ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶದಡಿ ಬಂದಿವೆ. ವಿದ್ಯಾರ್ಥಿ ಯಾವ ಮಾಧ್ಯಮದಲ್ಲಿ ಓದಿ ಪರೀಕ್ಷೆ ಬರೆದಿದ್ದಾನೆ ಎಂಬುದನ್ನು ಅದೇ ತಂತ್ರಾಂಶದಲ್ಲಿ ಸೆಮಿಸ್ಟರುವಾರು ದಾಖಲಿಸಿ, ಅಂತಿಮ ಅಂಕಪಟ್ಟಿಯಲ್ಲಿ ಒಂದು ಸಾಲಾಗಿ ಮುದ್ರಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ. ಪ್ರತ್ಯೇಕ ಪತ್ರವನ್ನೇ ಕೇಳುವವರಿಗಾಗಿ, ರಾಜ್ಯಕ್ಕೆಲ್ಲ ಒಂದೇ ನಮೂನೆಯ ಇಂಗ್ಲಿಷ್ ಪ್ರಮಾಣಪತ್ರವನ್ನು ರೂಪಿಸಿ, ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು, ನೋಂದಣಿ ಸಂಖ್ಯೆ, ವ್ಯಾಸಂಗದ ಅವಧಿ, ಪಾಠ ಮತ್ತು ಪರೀಕ್ಷೆಯ ಭಾಷೆ, ದೃಢೀಕರಣಕ್ಕೆ ಅಧಿಕೃತ ಇಮೇಲ್ ವಿಳಾಸ ಇಷ್ಟನ್ನು ಅದರಲ್ಲಿ ಅಡಕಗೊಳಿಸಿ, ಕ್ಯೂಆರ್ ಕೋಡ್ ಸಹಿತ ಕುಲಸಚಿವರ ಡಿಜಿಟಲ್ ಸಹಿಯೊಂದಿಗೆ ವಿದ್ಯಾರ್ಥಿಯೇ ಇಳಿಸಿಕೊಳ್ಳುವಂತೆ ಮಾಡಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಇಂತಿಷ್ಟು ದಿನದೊಳಗೆ ಕೊಡಲೇಬೇಕೆಂಬ ನಿಯಮ ಸಕಾಲ ಕಾಯ್ದೆಯಡಿ 2012ರಿಂದ ಜಾರಿಯಲ್ಲಿರುವ ಈ ರಾಜ್ಯದಲ್ಲಿ, ಇದನ್ನೂ ಆ ಕಾಯ್ದೆಯ ವ್ಯಾಪ್ತಿಗೆ ತಂದು ಏಳು ದಿನದ ಗಡುವು ವಿಧಿಸಬೇಕೆಂಬುದು ನನ್ನ ಒತ್ತಾಯ. ಯುಯುಸಿಎಂಎಸ್ ಬರುವುದಕ್ಕಿಂತ ಮೊದಲು ಓದಿದವರಿಗೆ ಅಂಕಪಟ್ಟಿಯ ಪ್ರತಿ ಪಡೆದು ಅದೇ ನಮೂನೆಯಲ್ಲಿ ಕೊಡುವ ವ್ಯವಸ್ಥೆಯಾಗಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳುವುದು ನನ್ನ ಕರ್ತವ್ಯ. ಪ್ರಮಾಣಪತ್ರ ನಿಜವಾಗಿರಬೇಕು. ಬಿ.ಎ., ಬಿ.ಕಾಂ. ಪದವಿಗಳಲ್ಲಿ ಕನ್ನಡದಲ್ಲಿ ಉತ್ತರ ಬರೆಯುವ ಅವಕಾಶವಿದೆ, ಅದು ಇರಲೇಬೇಕು; ಹಾಗೆ ಬರೆದವರಿಗೆ ಇಂಗ್ಲಿಷ್ ಮಾಧ್ಯಮವೆಂದು ಕೊಟ್ಟರೆ ಇಡೀ ರಾಜ್ಯದ ಪ್ರಮಾಣಪತ್ರಗಳ ಮೇಲೆ ಹೊರಗಿನವರು ನಂಬಿಕೆ ಕಳೆದುಕೊಳ್ಳುತ್ತಾರೆ. ವಿಜ್ಞಾನ ವಿಭಾಗದಲ್ಲೂ ನಾವು ಪಾಠ ಮಾಡುವಾಗ ಸಮೀಕರಣವನ್ನು ಇಂಗ್ಲಿಷಿನಲ್ಲಿ ಬರೆದು ವಿವರಣೆಯನ್ನು ಕನ್ನಡದಲ್ಲಿ ಕೊಡುತ್ತೇವೆ. ವಿಷಯ ಮನಸ್ಸಿಗೆ ಇಳಿಯಬೇಕಾದರೆ ಅದು ಸರಿಯಾದ ದಾರಿಯೇ, ಅದನ್ನು ಬಿಡಬೇಕೆಂದು ನಾನು ಎಂದಿಗೂ ಹೇಳಲಾರೆ. ಆದರೆ ಅದರಿಂದಾಗಿ ನಮ್ಮ ವಿದ್ಯಾರ್ಥಿ ಇಂಗ್ಲಿಷ್ ಓದಬಲ್ಲ, ಪರೀಕ್ಷೆಯಲ್ಲಿ ಬರೆಯಬಲ್ಲ. ಕೇಳಿ ತಿಳಿಯುವ, ನಿಂತು ಮಾತಾಡುವ ರೂಢಿ ಅವನಿಗಿರುವುದಿಲ್ಲ. ಐಇಎಲ್‌ಟಿಎಸ್‌ನ ಆಲಿಸುವ ವಿಭಾಗದಲ್ಲಿ ಧ್ವನಿಮುದ್ರಣವನ್ನು ಒಂದೇ ಸಲ ಕೇಳಿಸುತ್ತಾರೆ. ಮಾತಿನ ವಿಭಾಗದಲ್ಲಿ ಒಂದು ವಿಷಯ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಎಡೆಬಿಡದೆ ಮಾತಾಡಲು ಹೇಳುತ್ತಾರೆ. ಉಷ್ಣಗತಿಶಾಸ್ತ್ರದ ಕಠಿಣ ಲೆಕ್ಕವನ್ನು ಬಿಡಿಸುವ ಹುಡುಗರು ತಮ್ಮೂರಿನ ಸಂತೆಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳಲು ತಡವರಿಸುವುದನ್ನು ನಾನು ಕಂಡಿದ್ದೇನೆ. ಅವರ ಬುದ್ಧಿಗೆ ಏನೂ ಕೊರತೆಯಿಲ್ಲ. ಮೂರು ವರ್ಷದಲ್ಲಿ ಯಾರೂ ಅವರನ್ನು ಮಾತಾಡಿಸಿಲ್ಲ.

ಪದವಿ ತರಗತಿಗಳಲ್ಲಿ ಭಾಷಾ ವಿಷಯವಾಗಿ ಇಂಗ್ಲಿಷ್ ಇದ್ದೇ ಇದೆ. ಪಠ್ಯಕ್ರಮ 2021-22ರಲ್ಲಿ ಒಮ್ಮೆ ಬದಲಾಯಿತು, 2024-25ರಲ್ಲಿ ಮತ್ತೆ ಬದಲಾಯಿತು. ಎರಡೂ ಸಲ ಗದ್ಯಪದ್ಯಗಳ ಆಯ್ಕೆಯ ಬಗ್ಗೆ ನಡೆದಷ್ಟು ಚರ್ಚೆ ಆಲಿಸುವ, ಮಾತಾಡುವ ಅಭ್ಯಾಸದ ಬಗ್ಗೆ ನಡೆಯಲಿಲ್ಲವೆಂಬ ಬೇಸರ ನನಗಿದೆ. ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಒಂದು ಭಾಗವನ್ನು ಈ ಎರಡಕ್ಕೆ ಮೀಸಲಿಟ್ಟರೆ, ಪ್ರಮಾಣಪತ್ರಕ್ಕೂ ಬಲ ಬರುತ್ತದೆ, ಪರೀಕ್ಷೆ ಬರೆಯಲೇಬೇಕಾದವರಿಗೂ ದುಬಾರಿ ತರಬೇತಿಯ ಅವಲಂಬನೆ ತಪ್ಪುತ್ತದೆ.

ಇನ್ನು ಶುಲ್ಕದ ವಿಚಾರ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇರುವುದು ಸಂತೋಷದ ಸಂಗತಿ. ಆದರೆ ಇಂಥ ನೆರವುಗಳೆಲ್ಲ ನಿಜವಾಗಿ ಒದಗುವುದು ಪ್ರವೇಶ ಸಿಕ್ಕವರಿಗೆ; ಪ್ರವೇಶ ಸಿಗುವ ಮೊದಲೇ ಭಾಷಾ ಪರೀಕ್ಷೆಗೆ ಹಣ ಹೊಂದಿಸಲಾರದೆ ಹಿಂದೆ ಸರಿದವರ ಹೆಸರು ಯಾವ ಇಲಾಖೆಯ ಕಡತದಲ್ಲೂ ಇರುವುದಿಲ್ಲ. ಪದವಿಯ ಕೊನೆಯ ವರ್ಷದಲ್ಲಿರುವ ಅರ್ಹ ಬಡ ವಿದ್ಯಾರ್ಥಿಗಳಿಗೆ, ಯಾವುದೇ ಸಮುದಾಯದವರಾಗಿರಲಿ, ಒಂದು ಸಲದ ಪರೀಕ್ಷಾ ಶುಲ್ಕವನ್ನು ಸರ್ಕಾರ ಭರಿಸುವುದು ದೊಡ್ಡ ಹೊರೆಯಾಗಲಾರದು.

ಪರೀಕ್ಷಾ ಶುಲ್ಕಕ್ಕೆ ಬಜೆಟ್ಟು ಬೇಕು, ಪಠ್ಯಕ್ರಮಕ್ಕೆ ಸಮಿತಿ ಬೇಕು. ಪ್ರಮಾಣಪತ್ರಕ್ಕೆ ಒಂದು ಸುತ್ತೋಲೆ ಸಾಕು. ಮುಂದಿನ ಜುಲೈ 15ಕ್ಕೆ ಮೊದಲೇ ಏಕರೂಪದ ನಮೂನೆಯನ್ನು ಪ್ರಕಟಿಸಿ, ಅದನ್ನು ಕೊಡಬೇಕಾದ ಅಧಿಕಾರಿ ಯಾರೆಂಬುದನ್ನು ಪ್ರತಿಯೊಂದು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಿಸುವಂತೆ ಉನ್ನತ ಶಿಕ್ಷಣ ಸಚಿವರಲ್ಲಿಯೂ ಎಲ್ಲ ವಿಶ್ವವಿದ್ಯಾಲಯಗಳ ಕುಲಪತಿಗಳಲ್ಲಿಯೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕ, ಹಾಸನ ಜಿಲ್ಲೆ