ಹೆರಿಗೆಗೆ ಊರಿಗೆ ಬರಬೇಡ, ಮಗಳೇ

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. "ನಿನ್ನ ಹೆದರಿಕೆಗೆ ನಾನ್ಯಾಕಮ್ಮ ಹೊಟ್ಟೆ ಕೊಯ್ಸಿಕೊಳ್ಳಲಿ" ಅಂದೆಯಲ್ಲ, ಅದೇ ಕಿವಿಯಲ್ಲಿದೆ. ತಪ್ಪು ನನ್ನದೇ. ಅವಳಿ ಅಂದ ಕೂಡಲೇ ಆಪರೇಷನ್ ಮಾಡಿಸಿಬಿಡು ಅಂತ ನಾಲ್ಕು ಸಲ ಹೇಳಿದೆ. ಡಾಕ್ಟರ್ ಏನಂದರು ಅಂತ ಒಂದು ಸಲವೂ ಕೇಳಲಿಲ್ಲ.

ಅಳಿಯಂದಿರು ಕಳಿಸಿದ್ದನ್ನು ಬೆಳಗ್ಗೆ ಓದಿದೆ. 2013ರಲ್ಲಿ ಬಂದ ಆ ಅಧ್ಯಯನದಲ್ಲಿ ಅವಳಿ ಹೊತ್ತ 2,800 ಹೆಂಗಸರಿದ್ದರಂತೆ. ಮೊದಲ ಮಗುವಿನ ತಲೆ ಕೆಳಗಿದ್ದಾಗ, ಮೊದಲೇ ಆಪರೇಷನ್ ಅಂತ ಗೊತ್ತು ಮಾಡಿಕೊಂಡರೂ ಮಕ್ಕಳಿಗೆ ಹೆಚ್ಚಿನ ಒಳ್ಳೆಯದೇನೂ ಆಗಲಿಲ್ಲವಂತೆ. ನಿನ್ನ ಮೊದಲನೆಯದಕ್ಕೂ ತಲೆ ಕೆಳಗೇ ಇದೆ, ಮಾಸೂ ಬೇರೆ ಬೇರೆ. ಎರಡನೆಯದು ಮಾತ್ರ ಅಡ್ಡ ಮಲಗಿದೆ. ಹಾಗಾಗಿ ನಾರ್ಮಲ್ಲೋ ಆಪರೇಷನ್ನೋ ಅನ್ನೋದು ನಿನ್ನ, ನಿನ್ನ ಡಾಕ್ಟರ ತೀರ್ಮಾನ. ನಾನು ಇನ್ನು ಬಾಯಿ ಹಾಕಲ್ಲ.

ಆದರೆ ಎಲ್ಲಿ ಅನ್ನೋದರಲ್ಲಿ ನನ್ನ ಮಾತು ಕೇಳು.

2018ರ ಆಗಸ್ಟಲ್ಲಿ ನಮ್ಮ ಕೊಡಗಲ್ಲಿ ಗುಡ್ಡ ಕುಸಿದಿದ್ದರ ಬಗ್ಗೆ ಹೇಳಲ್ಲ, ನೀನೇ ನೋಡಿದ್ದೀಯ. ನಾನು ಹೇಳೋದು ನೀನು ಹುಟ್ಟಿದ ಜುಲೈ ರಾತ್ರಿಯದು. ಗಾಳಿಬೀಡು ರಸ್ತೆಯಲ್ಲಿ ಸಿಲ್ವರ್ ಮರ ಅಡ್ಡ ಬಿದ್ದಿತ್ತು. ಅಪ್ಪ ಜೀಪಿನ ಲೈಟ್ ಹಾಕಿಟ್ಟು ಕೊಡಲಿ ತಗೊಂಡು ಇಳಿದರು. ನಾನು ಹಿಂದಿನ ಸೀಟಲ್ಲಿ ಮಲಗಿ ಕೊಡಲಿ ಏಟು ಎಣಿಸ್ತಿದ್ದೆ. ನೋವು ಬಂದಾಗ ಲೆಕ್ಕ ತಪ್ಪುತ್ತಿತ್ತು, ಮತ್ತೆ ಒಂದರಿಂದ ಶುರು. ಅಪ್ಪ ವಾಪಸ್ ಬಂದಾಗ ಜಿಗಣೆ ಕಚ್ಚಿ ಮೊಣಕಾಲ ಕೆಳಗೆಲ್ಲ ರಕ್ತ, ಅವರಿಗೆ ಗೊತ್ತೇ ಆಗಿರಲಿಲ್ಲ. ಮಡಿಕೇರಿ ಮುಟ್ಟಿದ ಹತ್ತೇ ನಿಮಿಷಕ್ಕೆ ನೀನು ಬಂದೆ. ಮರ ಇನ್ನೊಂದಿಷ್ಟು ದಪ್ಪ ಇದ್ದಿದ್ದರೆ? ಈಗಲೂ ಮಳೆಯಲ್ಲಿ ಎಲ್ಲೋ ಮರ ಕಡಿಯೋ ಸದ್ದು ಕೇಳಿದರೆ ನಾನು ಎಣಿಸೋಕೆ ಶುರು ಮಾಡ್ತೀನಿ. ಅವತ್ತು ಹೊಟ್ಟೆಯಲ್ಲಿ ಇದ್ದಿದ್ದು ಒಂದೇ ಮಗು, ಪುಟ್ಟಿ.

ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ 37 ವಾರಕ್ಕೂ ಮೊದಲೇ ಬಂದುಬಿಡುತ್ತವೆ. ನಿನಗೆ 37 ತುಂಬೋದೇ ಜುಲೈ ಕೊನೆಗೆ. ಮೊದಲನೆಯದು ಸಲೀಸಾಗಿ ಬಂದರೂ ಎರಡನೆಯದನ್ನು ತಿರುಗಿಸಬೇಕಾಗಬಹುದು, ಕಾಲು ಹಿಡಿದು ತೆಗೆಯಬೇಕಾಗಬಹುದು, ಅದೂ ಆಗದಿದ್ದರೆ ಆ ಕ್ಷಣಕ್ಕೇ ಥಿಯೇಟರ್ ಬೇಕು. ಅದಕ್ಕೇ ಡಾಕ್ಟರ ಹತ್ತಿರ ನಾಚಿಕೆ ಬಿಟ್ಟು ಕೇಳು: ಅಡ್ಡ ಇರೋ ಮಗು ತೆಗೆದು ಅಭ್ಯಾಸ ಇರೋರು ಅವತ್ತು ಇರ್ತಾರಾ, ಅರವಳಿಕೆ ಡಾಕ್ಟರ್ ರಾತ್ರಿಯೂ ಸಿಗ್ತಾರಾ, ನಿನ್ನ ಗುಂಪಿನ ರಕ್ತ ಇದೆಯಾ. ಅವಳಿ ಹೆತ್ತ ಮೇಲೆ ರಕ್ತ ಜಾಸ್ತಿ ಹೋಗುತ್ತೆ. ಕಬ್ಬಿಣದ ಮಾತ್ರೆ ತಪ್ಪಿಸಬೇಡ, ಕಾಫಿ ಜೊತೆ ನುಂಗಬೇಡ. ಕಾಲು ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ಬೆಳಗಾಗಲಿ ಅಂತ ಕಾಯಬೇಡ.

ನೋಡು, ಬಾಯಿ ಹಾಕಲ್ಲ ಅಂದು ಮತ್ತೆ ಶುರು ಮಾಡಿದೆ.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನೇ. ನಿನ್ನ ಕೋಣೆಗೆ ಸುಣ್ಣ ಹೊಡೆಸಿ ಆಗಿದೆ. ಬರಬೇಡ ಅಂತ ಬರೆಯೋಕೆ ಎಷ್ಟು ಕಷ್ಟ ಆಗ್ತಿದೆ ಅಂತ ನಿನಗೆ ಗೊತ್ತಾಗಲಿ. ಆದರೂ ಬರಬೇಡ. ಮೈಸೂರಲ್ಲೇ ಇರು. 120 ಕಿಲೋಮೀಟರ್ ನಾವು ಬರ್ತೀವಿ, ಮಳೆ ಜೋರಾಗೋ ಮೊದಲೇ, ಈ ತಿಂಗಳ ಕೊನೆಗೇ. ಅಪ್ಪ ಗಾಣದಿಂದ ಕೊಬ್ಬರಿ ಎಣ್ಣೆ ತಂದಿದ್ದಾರೆ. ಕಾಳುಮೆಣಸು, ಜೇನು ಕಟ್ಟಿಟ್ಟಿದ್ದೀನಿ. ನೀರು ಹಾಕೋಕೆ ದೊಡ್ಡ ಹಂಡೆ ಅಲ್ಲಿ ಇಲ್ಲ ಅಲ್ವಾ, ಅದನ್ನೂ ತರ್ತೀನಿ.

ಸಂಜೆ ಫೋನ್ ಮಾಡ್ತೀನಿ. ಎತ್ತು.

ಅಮ್ಮ