ಗಡ್ಡೆಯ ಚೂರಿಗೆ ಸಲೈನ್ ಬೇಡ

ಮಾನ್ಯರೇ,

ಸ್ತನ ಕ್ಯಾನ್ಸರ್‌ನ ಹರ್-2 ಪ್ರೋಟೀನನ್ನು ಗುರಿಯಾಗಿಸಿದ ಹೊಸ ಔಷಧಿಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ಆ ಔಷಧಿ ಯಾರಿಗೆ ಎಂಬುದು ಅರ್ಧಕ್ಕರ್ಧ ತೀರ್ಮಾನವಾಗುವುದು ಗಡ್ಡೆಯ ಚೂರು ಹಾಕುವ ಡಬ್ಬಿಯಲ್ಲಿ. ಜಮಖಂಡಿ, ಇಂಡಿ, ಮುದ್ದೇಬಿಹಾಳದಂಥ ಊರುಗಳಿಂದ ಬಸ್ಸು ಹತ್ತಿ ವಿಜಯಪುರಕ್ಕೋ ಬೆಳಗಾವಿಗೋ ಹೋಗುವ ಡಬ್ಬಿಗಳ ಬಗ್ಗೆ ಈ ಪತ್ರ.

ಹರ್-2 ಜೀವಕೋಶದ ಹೊರಪೊರೆಯಲ್ಲಿರುವ ಪ್ರೋಟೀನ್. ಬೆಳೆಯಲು, ಒಡೆದು ಎರಡಾಗಲು ಕೋಶಕ್ಕೆ ಸೂಚನೆ ದಾಟಿಸುತ್ತದೆ. ಲ್ಯಾಬಿನಲ್ಲಿ ಬಣ್ಣ ಹಿಡಿಸಿ ಅದಕ್ಕೆ 0ಯಿಂದ 3+ವರೆಗೆ ಅಂಕ ಕೊಡುತ್ತಾರೆ. ಶೇ 10ಕ್ಕಿಂತ ಹೆಚ್ಚು ಕೋಶಗಳ ಸುತ್ತ ದಟ್ಟ ಕಂದು ಗೆರೆ ಪೂರ್ತಿ ಕೂಡಿದ್ದರೆ 3+. 2+ ಬಂದರೆ ಫಿಶ್ ಎಂಬ, ಡಿಎನ್ಎಗೆ ಹೊಳೆಯುವ ಗುರುತು ಹಾಕುವ ಪರೀಕ್ಷೆ ಮಾಡಿ ಹರ್-2 ಜೀನ್ ಎಣಿಸಬೇಕು. 0 ಮತ್ತು 1+ ನಡುವಿನ ವ್ಯತ್ಯಾಸಕ್ಕೆ ಮೊದಲು ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ, ಎರಡೂ ನೆಗೆಟಿವ್. ಬೇರೆಡೆ ಹರಡಿದ 1+ ಕ್ಯಾನ್ಸರ್‌ಗೂ ಹರ್-2 ಗುರಿಯ ಹೊಸ ಔಷಧಿ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಫಲ ಕೊಡುತ್ತದೆಂದು 2022ರಲ್ಲಿ ಗೊತ್ತಾದ ಮೇಲೆ 1+ನ ಆ ಮಸುಕು ಗೆರೆಗೂ ಬೆಲೆ ಬಂದಿದೆ. ಚೂರು ಕೆಟ್ಟರೆ ಸುಲಭಕ್ಕೆ ಅಳಿಸಿಹೋಗುವುದೂ ಅದೇ ಗೆರೆ.

ಹೊರತೆಗೆದ ಚೂರು ಒಂದು ತಾಸಿನೊಳಗೆ, ಅದನ್ನು ಕೆಡದಂತೆ ಗಟ್ಟಿಮಾಡುವ ದ್ರವವಾದ ಫಾರ್ಮಲಿನ್‌ಗೆ ಬೀಳಬೇಕು. ಸಲೈನ್‌ನಲ್ಲಿಟ್ಟರೆ ಕೋಶದ ಕಿಣ್ವಗಳೇ ಪ್ರೋಟೀನನ್ನು ತಿಂದುಹಾಕುತ್ತವೆ, ನಮ್ಮ ಏಪ್ರಿಲ್ ಬಿಸಿಲಿಗೆ ಇನ್ನೂ ಬೇಗ. ಸ್ಪಿರಿಟ್ ಕೂಡ ಬೇಡ, ಅದು ನೀರು ಹೀರಿ ಪ್ರೋಟೀನನ್ನು ಬೇಯಿಸಿದ ತತ್ತಿಯ ಬಿಳಿಯಂತೆ ಹೆಪ್ಪುಗಟ್ಟಿಸುತ್ತದೆ. ಬರೀ ನೀರು ಬೆರೆಸಿಟ್ಟ ಹಳೆಯ ಫಾರ್ಮಲಿನ್‌ನಲ್ಲಿ ಫಾರ್ಮಿಕ್ ಆಮ್ಲ ಹುಟ್ಟಿ ಡಿಎನ್ಎ ಹಾಳಾಗುತ್ತದೆ, ಫಿಶ್ ಕೈಕೊಡುತ್ತದೆ. ಅದಕ್ಕೇ ಬಫರ್, ಅಂದರೆ ಆಮ್ಲವನ್ನು ತಡೆಯುವ ಲವಣ ಬೇಕು: ಅಂಗಡಿಯ ಫಾರ್ಮಲಿನ್ 100 ಮಿ.ಲೀ., ಡಿಸ್ಟಿಲ್ಡ್ ವಾಟರ್ 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಇದೇನು ದೊಡ್ಡ ಖರ್ಚಲ್ಲ.

ದ್ರವ ಚೂರಿನ 10 ಪಟ್ಟು ಇರಲಿ. ಇಡೀ ಸ್ತನ ತೆಗೆದಾಗ ಬಕೆಟ್ಟಿನಲ್ಲಿ ಮುಳುಗಿಸಿ ಸುಮ್ಮನಾಗುವುದೇ ದೊಡ್ಡ ತಪ್ಪು. ಫಾರ್ಮಲಿನ್ ಒಳಗಿಳಿಯುವುದು ತಾಸಿಗೆ ಸುಮಾರು ಒಂದು ಮಿ.ಮೀ., ಕೊಬ್ಬಿನಲ್ಲಿ ಇನ್ನೂ ನಿಧಾನ. ಮೇಲೆ ಗಟ್ಟಿ, ಗಡ್ಡೆಯಿರುವ ನಡುಭಾಗ ಹಸಿಹಸಿ. ಅಂಚಿಗೆ ಶಾಯಿ ಹಚ್ಚಿ, ಹಿಂಬದಿಯಿಂದ 5–10 ಮಿ.ಮೀ. ದಪ್ಪದ ಹೋಳು ಸೀಳಿ, ನಡುನಡುವೆ ಗಾಜ್ ಬಟ್ಟೆ ಸೇರಿಸಬೇಕು. ಸೀಸೆಯ ಬಾಯಿ ಅಗಲವಿರಲಿ. ಮೆತ್ತಗಿದ್ದಾಗ ಒತ್ತಿ ತುರುಕಿದ್ದು ಗಟ್ಟಿಯಾದ ಮೇಲೆ ಹೊರಬರುವುದಿಲ್ಲ, ಸೀಸೆ ಒಡೆಯಬೇಕಾಗುತ್ತದೆ.

ಫಾರ್ಮಲಿನ್‌ನಲ್ಲಿ ಕನಿಷ್ಠ 6, ಗರಿಷ್ಠ 72 ತಾಸು. ಶನಿವಾರ ಮಧ್ಯಾಹ್ನದ ಡಬ್ಬಿಯನ್ನು ಮಂಗಳವಾರ ಸಂಜೆ ತೆರೆದರೆ ಮಿತಿ ದಾಟಿತು. ಚೂರು ತೆಗೆದ ವೇಳೆ, ಫಾರ್ಮಲಿನ್‌ಗೆ ಹಾಕಿದ ವೇಳೆ ಎರಡನ್ನೂ ಡಬ್ಬಿಯ ಮೇಲೆ ಬರೆಯದಿದ್ದರೆ ಲ್ಯಾಬಿನವರು ಲೆಕ್ಕ ಹಾಕುವುದಾದರೂ ಹೇಗೆ?

ರೋಗಿಯ ಕಡೆಯವರಿಗೂ ಒಂದು ಮಾತು. ಈಸ್ಟ್ರೋಜನ್ ರಿಸೆಪ್ಟರ್ (ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಕೋಶದ ಪ್ರೋಟೀನ್) ನೆಗೆಟಿವ್ ಎಂದು ರಿಪೋರ್ಟ್ ಬಂದರೆ, ಅದೇ ಸ್ಲೈಡಿನಲ್ಲಿರುವ ಆರೋಗ್ಯವಂತ ಹಾಲುನಾಳಗಳು ಕಂದು ಬಣ್ಣ ಹಿಡಿದಿವೆಯೇ ಎಂದು ಕೇಳಿ. ಅವೂ ಹಿಡಿದಿಲ್ಲವೆಂದರೆ ಆ ರಿಪೋರ್ಟ್ ನಂಬಬೇಡಿ. ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿದ ಬೇರೆ ಬ್ಲಾಕಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಆ ರಿಸೆಪ್ಟರನ್ನು ತಡೆಯುವ ಟ್ಯಾಮಾಕ್ಸಿಫೆನ್‌ನಂಥ ಅಗ್ಗದ ಗುಳಿಗೆಯೂ ಸಿಗಬೇಕಾದವರಿಗೆ ತಪ್ಪಿಹೋಗುತ್ತದೆ.

– ಪೆಥಾಲಜಿ ಲ್ಯಾಬ್ ಸಿಬ್ಬಂದಿ, ಬಾಗಲಕೋಟೆ